ಮರ್ಕದ ಹೆಣ್ಣು

ಬಲಗೈಯನ್ನು ನೇರ ಚಾಚಿದರೆ ನನ್ನ ಮೊಣಕೈಯಿಂದ ಕೆಳಗಿನ ಭಾಗ ಹೊರಕ್ಕೆ ವಾಲುತ್ತದೆ. ದೊಡ್ಡವರು ಗಮನಿಸುವುದಿಲ್ಲ. ಬೋರ್ಡಿನ ಮೇಲೆ ಬರೆಯುವಾಗ ಮಕ್ಕಳ ಕಣ್ಣಿಗೆ ಬೀಳುತ್ತದೆ. “ಟೀಚರ್, ನಿಮ್ಮ ಕೈ ಯಾಕೆ ಹಾಗೆ?” ಎಂದು ವರ್ಷಕ್ಕೊಬ್ಬರಾದರೂ ಕೇಳುತ್ತಾರೆ. “ಮರದಿಂದ ಬಿದ್ದದ್ದು” ಎನ್ನುತ್ತೇನೆ. ಅದು ಅರ್ಧ ಸತ್ಯ.

1978ರ ಮೇ ತಿಂಗಳು. ಬೈಂದೂರಿಗೆ ತಾಗಿದ ಈ ಯಡ್ತರೆಯಲ್ಲಿ, ಮನೆಯ ಹಿಂದಿನ ಗೇರು ಮರದಿಂದ ಬಿದ್ದೆ. ಏಳು ವರ್ಷ ನನಗೆ. ಮೊಣಕೈ ಬಾತುಕೊಂಡಿತು. ಉಳುಕಿರಬೇಕೆಂದು ಅಬ್ಬಿ ತೆಂಗಿನೆಣ್ಣೆ ಬಿಸಿ ಮಾಡಿ ತಿಕ್ಕಿದಳು. “ಮರ್ಕ್‌ಬೇಡ ಮಗಾ, ಸಮಾ ಆತ್ತ್” ಎಂದಳು. ನಾನು ಅಳಲಿಲ್ಲ. “ನಮ್ ಹೆಣ್ಣ್ ಮರ್ಕುದೇ ಇಲ್ಲೆ” ಎಂದು ನೆರೆಮನೆಯವರ ಮುಂದೆ ಹೇಳಿಕೊಂಡಳು. ಆ ಮಾತು ಎಣ್ಣೆಗಿಂತ ಹಿತವಾಗಿತ್ತು. ಅದನ್ನು ಉಳಿಸಿಕೊಳ್ಳಲೆಂದೇ ಮತ್ತೆ ನೋವಿನ ಮಾತೆತ್ತಲಿಲ್ಲ. ಮಣಿಪಾಲದಲ್ಲಿ 1953ರಲ್ಲೇ ವೈದ್ಯಕೀಯ ಕಾಲೇಜು ಶುರುವಾಗಿತ್ತು. ಆದರೆ ಗದ್ದೆ ಕೆಲಸ ಎದುರಿಗಿದ್ದ, ಕೈಯಲ್ಲಿ ಕಾಸಿಲ್ಲದ ಮನೆಗೆ 30 ಕಿಲೋಮೀಟರ್ ಆಚೆಯ ಕುಂದಾಪುರವೇ ದೂರ.

ನಲವತ್ತು ದಾಟಿದ ಮೇಲೆ ಕಿರುಬೆರಳು, ಉಂಗುರದ ಬೆರಳು ಜೋಮು ಹಿಡಿಯತೊಡಗಿದವು. ಬೀಗದ ಕೈ ತಿರುಗಿಸಲು ಬಲ ಸಾಲದಾಯಿತು. 2014ರಲ್ಲಿ ಎಲುಬಿನ ಡಾಕ್ಟರು ಎಕ್ಸ್‌ರೇ ನೋಡಿ, ಅಂದು ಮೊಣಕೈಯ ಹೊರಬದಿಯ ಎಲುಬಿನ ತುಣುಕು ಮುರಿದು ಕೂಡದೆ ಉಳಿದಿದೆ ಎಂದರು. ಬೆಳೆಯುತ್ತಾ ಕೈ ಹೊರಕ್ಕೆ ಬಾಗುತ್ತದೆ. ಒಳಬದಿಯಲ್ಲಿ ಹಾದುಹೋಗುವ ನರ ವರ್ಷಗಟ್ಟಲೆ ಎಳೆದೆಳೆದು ಸೋಲುತ್ತದೆ. ಆಪರೇಷನ್ ಮಾಡಿ ನರವನ್ನು ಮೊಣಕೈಯ ಮುಂಭಾಗಕ್ಕೆ ಸರಿಸಿದರು. ಇನ್ನಷ್ಟು ಕೆಡುವುದು ನಿಂತಿತು. ಹೋದದ್ದು ಪೂರ್ತಿ ಮರಳಲಿಲ್ಲ.

ಬ್ಯಾಂಡೇಜು ನೋಡಿ ಅಬ್ಬಿ, “ನಂಗ್ ಗೊತ್ತಾಯ್ಲಿಲ್ಲ ಮಗಾ” ಎಂದು ಅತ್ತಳು. ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲ. ತಿಳಿಯದವಳ, ಕೈಲಾಗದವಳ ತಪ್ಪನ್ನು ಯಾವ ತಕ್ಕಡಿಯಲ್ಲಿ ತೂಗುವುದು? ಕ್ಷಮಿಸುವುದು ಸುಲಭವಾಯಿತು, ಕ್ಷಮಿಸಬೇಕಾದದ್ದು ಏನೂ ಇದ್ದಂತೆ ಕಾಣಲಿಲ್ಲ.

ಕಷ್ಟವಾದದ್ದು ಎರಡು ವರ್ಷದ ನಂತರ. ಖೋ ಖೋ ಆಡುತ್ತಾ ನಾಲ್ಕನೇ ತರಗತಿಯ ಹುಡುಗಿಯೊಬ್ಬಳು ಬಿದ್ದಳು. ಮೊಣಕೈ ಹಿಡಿದುಕೊಂಡು ತುಟಿ ಕಚ್ಚಿ ನಿಂತಳು. ನಾನು ಎಲ್ಲರ ಮುಂದೆ, “ನೋಡಿ, ಎಷ್ಟು ಗಟ್ಟಿ ಹುಡುಗಿ! ಅಳಲೇ ಇಲ್ಲ” ಎಂದೆ. ಮಕ್ಕಳು ಚಪ್ಪಾಳೆ ತಟ್ಟಿದರು. ಅವಳು ನಕ್ಕಳು.

ಮೂರನೆಯ ದಿನ ಅವಳು ಎಡಗೈಯಲ್ಲಿ ಪೆನ್ಸಿಲ್ ಹಿಡಿದು ಬರೆಯುತ್ತಿದ್ದಳು.

ಅಂದೇ ಅವಳ ಅಪ್ಪನನ್ನು ಕರೆಸಿ ರಿಕ್ಷಾದಲ್ಲಿ ಆಸ್ಪತ್ರೆಗೆ ಹೋದೆವು. ಎಲುಬು ಬಿರುಕು ಬಿಟ್ಟಿತ್ತು, ಜರುಗಿರಲಿಲ್ಲ. ಪ್ಲಾಸ್ಟರ್ ಹಾಕಿದರು, ಕೂಡಿಕೊಂಡಿತು. “ಮೊದಲೇ ಯಾಕೆ ಹೇಳಲಿಲ್ಲ?” ಎಂದು ಅಪ್ಪ ಕೇಳಿದಾಗ ಅವಳು ನನ್ನ ಮುಖ ನೋಡಿದಳು. “ಟೀಚರ್ ಗಟ್ಟಿ ಅಂದಿದ್ರು” ಎಂದಳು.

ಅಬ್ಬಿಗೆ ತಿಳಿದಿರಲಿಲ್ಲ. ನನಗೆ ತಿಳಿದಿತ್ತು, ನನ್ನ ಕೈಯಲ್ಲೇ ಬರೆದಿತ್ತು. ನೋವುಂಡವರು ಇನ್ನೊಬ್ಬರ ನೋವನ್ನು ಬೇಗ ಅರಿಯುತ್ತಾರೆ ಎಂದು ನಾವು ಮಕ್ಕಳಿಗೆ ಪಾಠ ಹೇಳುತ್ತೇವೆ. ನಾನು ಮಾತ್ರ ನನಗೆ ಹಿತವಾಗಿದ್ದ ಮಾತನ್ನೇ ದಾಟಿಸಿದ್ದೆ. ಮಕ್ಕಳನ್ನು ಹೊಡೆಯಬಾರದೆಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಹೊಗಳಿ ಬಾಯಿ ಮುಚ್ಚಿಸುವುದನ್ನು ತಡೆಯಲು ಯಾವ ಕಾಯ್ದೆ ಬರಬೇಕು?

ಸಹನೆ ದೊಡ್ಡ ಗುಣವೇ. ಬೇರೆ ದಾರಿಯಿಲ್ಲದಾಗ ನಾವಾಗಿ ತಂದುಕೊಳ್ಳುವ ಗುಣ ಅದು. ದಾರಿಯಿದ್ದೂ ಮಕ್ಕಳಿಂದ, ಅದರಲ್ಲೂ ಹೆಣ್ಣುಮಕ್ಕಳಿಂದ ಅದನ್ನು ಬಯಸುವುದು ನಮ್ಮ ಅನುಕೂಲಕ್ಕೆ ಎಂದು ಈಗ ಅನ್ನಿಸುತ್ತದೆ. ಅಳದ ಮಗುವಿನಿಂದ ಯಾರ ಕೆಲಸವೂ ಕೆಡುವುದಿಲ್ಲ.

ಈಗ ಮಗು ಬಿದ್ದರೆ ನಾನು ಗಟ್ಟಿ ಎನ್ನುವುದಿಲ್ಲ. ಪಕ್ಕದಲ್ಲಿ ಕೂತು, “ಎಲ್ಲಿ ನೋವು? ತೋರಿಸು” ಎನ್ನುತ್ತೇನೆ. ಕೆಲವರು ಆಗ ಅಳುತ್ತಾರೆ. ಅಳಲಿ ಎಂದು ಕಾಯುತ್ತೇನೆ.