ನಿಷ್ಠೆಯೋ ವಾಸನೆಯೋ: ಗಣಕದ ಒಲವುಗಳ ಕುರಿತು ಒಂದು ವಿಚಾರ

ಕಾರ್ಯಾಚರಣಾ ವ್ಯವಸ್ಥೆ, ಅಂದರೆ ಕಂಪ್ಯೂಟರಿನ ಬಿಡಿಭಾಗಗಳಿಗೂ ಅದರ ಮೇಲೆ ನಡೆಯುವ ತಂತ್ರಾಂಶಗಳಿಗೂ ನಡುವೆ ನಿಂತು ಎಲ್ಲವನ್ನೂ ನಡೆಸುವ ಮೂಲ ತಂತ್ರಾಂಶ, ಜನರಲ್ಲಿ ಎಬ್ಬಿಸುವ ಒಲವೂ ಸಿಟ್ಟೂ ಮತಾಭಿಮಾನವನ್ನು ಹೋಲುತ್ತವೆ ಎಂಬ ಮಾತು ಹೊಸದೇನಲ್ಲ. ಇಟಲಿಯ ಚಿಂತಕ ಉಂಬರ್ಟೊ ಎಕೋ 1994ರ ಒಂದು ಅಂಕಣದಲ್ಲಿ ಮ್ಯಾಕಿಂತಾಷ್ ಕ್ಯಾಥೊಲಿಕ್ ಪಂಥದಂತೆ ಭಕ್ತನನ್ನು ಕೈಹಿಡಿದು ನಡೆಸುತ್ತದೆಂದೂ, ಡಾಸ್ ಪ್ರಾಟೆಸ್ಟಂಟ್ ಪಂಥದಂತೆ ಅರ್ಥ ಬಿಡಿಸಿಕೊಳ್ಳುವ ಹೊಣೆಯನ್ನು ಅವನ ಮೇಲೆಯೇ ಹೊರಿಸುತ್ತದೆಂದೂ ವಿನೋದವಾಗಿ ವಾದಿಸಿದ್ದ. ಹೋಲಿಕೆ ಚತುರವಾದದ್ದೇ, ಆದರೆ ಬಳಕೆದಾರನು ತನ್ನ ಪಂಥವನ್ನು ತಾನೇ ಆರಿಸಿಕೊಂಡಿದ್ದಾನೆಂದು ಅದು ಮೊದಲೇ ಒಪ್ಪಿಕೊಂಡುಬಿಡುತ್ತದೆ. ತುಂಗಭದ್ರೆಯ ದಡದ ಐರಣಿಯಲ್ಲಾಗಲಿ, ಅದರ ತಾಲ್ಲೂಕು ಕೇಂದ್ರವಾದ ರಾಣೆಬೆನ್ನೂರಿನ ಬೀಜದ ಅಂಗಡಿಗಳಲ್ಲಾಗಲಿ, ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಅಂಗಡಿಗಳಲ್ಲಾಗಲಿ ವಿಂಡೋಸ್ ಬಂದು ನೆಲೆಯೂರಿದ್ದು ಯಾರ ವಿಚಾರಮಂಥನದಿಂದಲೂ ಅಲ್ಲ: ಲೆಕ್ಕ ಬರೆಯುವ ಟ್ಯಾಲಿ ಅದನ್ನೇ ಬೇಡುತ್ತದೆ, ಕನ್ನಡ ಬರೆಯುವ ನುಡಿ ತಂತ್ರಾಂಶವೂ ಅದನ್ನೇ ಬೇಡುತ್ತದೆ, ಯಂತ್ರ ಮಾರಿದವನು ಅದನ್ನೇ ಹಾಕಿ ಕೊಟ್ಟಿರುತ್ತಾನೆ. ಹೀಗೆ ಆರಿಸದೆಯೇ ಅಂಟಿಕೊಂಡ ಒಲವನ್ನು ನಿಷ್ಠೆ ಎಂದು ಕರೆಯಬಹುದೇ?

ಜೀವವು ಲಿಂಗದಲ್ಲಿ ಒಂದಾಗುವ ಹಾದಿಯ ಆರು ನೆಲೆಗಳನ್ನು ವಿವರಿಸುವ ವೀರಶೈವ ಷಟ್‌ಸ್ಥಲ ಸಿದ್ಧಾಂತವು ಮೊದಲನೆಯ ಭಕ್ತಸ್ಥಲಕ್ಕೆ ಶ್ರದ್ಧೆಯನ್ನೂ, ಅದರ ಮುಂದಿನ ಮಹೇಶಸ್ಥಲಕ್ಕೆ ನಿಷ್ಠೆಯನ್ನೂ ಲಕ್ಷಣವಾಗಿ ಹೇಳುತ್ತದೆ. ನಂಬಿಕೆ ಮೊದಲು ಹುಟ್ಟಿ, ಬೇರೆ ಸೆಳೆತಗಳೆದುರು ನಿಂತು ಗಟ್ಟಿಯಾದ ಮೇಲಷ್ಟೇ ಅದು ನಿಷ್ಠೆ ಎನಿಸಿಕೊಳ್ಳುತ್ತದೆ ಎಂಬುದು ಈ ಕ್ರಮದಿಂದ ತಿಳಿಯಬಹುದಾದ ಅರ್ಥ. ಯೋಗ ಮತ್ತು ವೇದಾಂತ ಶಾಸ್ತ್ರಗಳು ಹೇಳುವ ವಾಸನೆಯಾದರೋ ಹಿಂದಿನ ಕ್ರಿಯೆಗಳು ಚಿತ್ತದಲ್ಲಿ ಉಳಿಸಿಹೋದ ಶೇಷ. ಅದು ವಿಚಾರಕ್ಕೆ ಕಾಯದೆ ಮುಂದಿನ ಕ್ರಿಯೆಯನ್ನು ತಾನೇ ಪ್ರೇರಿಸುತ್ತದೆ. ವಿಂಡೋಸ್ 11ರಲ್ಲಿ ಸ್ಟಾರ್ಟ್ ಗುಂಡಿ ಎಡಮೂಲೆಯಿಂದ ನಡುವಿಗೆ ಸರಿದಾಗ ಅನೇಕರಿಗೆ ಬಂದ ಸಿಟ್ಟು ಅಪ್ಪಟ ವಾಸನೆಯದು, ಅದಕ್ಕೆ ತತ್ತ್ವದ ಗೌರವ ಕೊಡಬೇಕಾಗಿಲ್ಲ. ರಾಣೆಬೆನ್ನೂರು ತಾಲ್ಲೂಕಿನಲ್ಲೇ, ಇದೇ ನದಿಯ ದಡದಲ್ಲಿರುವ ಚೌಡಯ್ಯದಾನಪುರದೊಂದಿಗೆ ಹೆಸರು ಬೆಸೆದುಕೊಂಡಿರುವ 12ನೆಯ ಶತಮಾನದ ವಚನಕಾರ ಅಂಬಿಗರ ಚೌಡಯ್ಯನು ಹೊರಗಿನ ಲಾಂಛನವನ್ನೇ ಭಕ್ತಿಯೆಂದು ಬಗೆದವರನ್ನು ಬಿರುನುಡಿಗಳಲ್ಲಿ ಬಯ್ದವನು. ಲ್ಯಾಪ್‌ಟಾಪಿನ ಬೆನ್ನಿನ ಮೇಲಿನ ಸೇಬಿನ ಗುರುತಿಗೂ, ಲಿನಕ್ಸ್ ಬಳಸುವುದರಿಂದಲೇ ಬುದ್ಧಿವಂತಿಕೆ ಬಂತೆಂಬ ಹಮ್ಮಿಗೂ ಆ ಬಯ್ಗುಳ ಸಲ್ಲುತ್ತದೆ.

ಆದರೆ ಈ ಭಾಗದ ಡಿಟಿಪಿ ಅಂಗಡಿಗಳಲ್ಲಿ, ಅಂದರೆ ಲಗ್ನಪತ್ರಿಕೆ, ಅರ್ಜಿ, ಜಾತ್ರೆಯ ಕರಪತ್ರಗಳನ್ನು ಅಚ್ಚಿಗೆ ಸಿದ್ಧಮಾಡಿಕೊಡುವಲ್ಲಿ, ಬೇರೆ ವ್ಯವಸ್ಥೆಗೆ ಹೋಗಲಾರದ ಕಟ್ಟು ವಾಸನೆಗಿಂತ ಆಳವಾದದ್ದು. ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿಯ ಹಳೆಯ ಬಗೆಯ ಅಕ್ಷರವಿನ್ಯಾಸಗಳಲ್ಲಿ ಯಂತ್ರದ ಸ್ಮೃತಿಯಲ್ಲಿ ಉಳಿಯುವುದು ಕನ್ನಡವೇ ಅಲ್ಲ. ಲ್ಯಾಟಿನ್ ಲಿಪಿಗೆಂದು ಗೊತ್ತಾದ ಸಂಖ್ಯೆಗಳು ಅಲ್ಲಿ ಕುಳಿತಿರುತ್ತವೆ, ಅವುಗಳ ಮೇಲೆ ಕನ್ನಡದ ತಲೆಕಟ್ಟು, ಒತ್ತು, ಗುಣಿತಗಳ ಆಕಾರವನ್ನು ಫಾಂಟು ಹೊದಿಸುತ್ತದೆ. ಶಂಕರಾಚಾರ್ಯರು ಬ್ರಹ್ಮಸೂತ್ರಭಾಷ್ಯದ ಪೀಠಿಕೆಯಲ್ಲಿ ವಿವರಿಸಿದ ಅಧ್ಯಾಸ, ಅಂದರೆ ಒಂದರ ಮೇಲೆ ಇನ್ನೊಂದರ ರೂಪವನ್ನು ಆರೋಪಿಸಿ ನೋಡುವಿಕೆ, ಇದಕ್ಕಿಂತ ಸ್ಫುಟವಾಗಿ ದೊರೆಯುವುದು ಕಷ್ಟ. ಒಂದು ವ್ಯತ್ಯಾಸವಂತೂ ಇದೆ: ಹಗ್ಗದಲ್ಲಿ ಕಂಡ ಹಾವು ಅರಿವು ಬಂದಾಗ ಮಾಯವಾಗುತ್ತದೆ, ಇಲ್ಲಿ ಫಾಂಟನ್ನು ಅರಿಯದ ಯಂತ್ರಕ್ಕೆ ಕಡತ ಹೋದಾಗ ಕನ್ನಡವು ಮಾಯವಾಗಿ ಅರ್ಥವಿಲ್ಲದ ಅನ್ಯಾಕ್ಷರಗಳ ಸಾಲು ಉಳಿಯುತ್ತದೆ. ಅಷ್ಟರಿಂದ ಅದನ್ನು ಬರಿಯ ಭ್ರಾಂತಿಯೆಂದು ತಳ್ಳಿಹಾಕುವುದು ಅನ್ಯಾಯ. ಲೋಕದ ಕೊಡುಕೊಳೆಯಲ್ಲಿ ಕೆಲಸಕ್ಕೆ ಬರುವಷ್ಟು ಕಾಲ ನಿಲ್ಲುವ ನಿಜಕ್ಕೆ ವೇದಾಂತಿಗಳು ವ್ಯಾವಹಾರಿಕ ಸತ್ತೆ ಎನ್ನುತ್ತಾರೆ, ನುಡಿಯ ಕನ್ನಡಕ್ಕೆ ಆ ಸತ್ತೆ ಪೂರ್ಣವಾಗಿ ಇತ್ತು, ಕಚೇರಿಗಳಲ್ಲಿ ಕನ್ನಡ ಉಳಿದುಕೊಂಡದ್ದರಲ್ಲಿ ಅದರ ಪಾಲು ದೊಡ್ಡದು. 1991ರಲ್ಲಿ ಮೊದಲು ಪ್ರಕಟವಾದ ಯೂನಿಕೋಡ್, ಅಂದರೆ ಲೋಕದ ಲಿಪಿಗಳಿಗೆಲ್ಲ ತಮ್ಮದೇ ಸಂಖ್ಯೆ ಕೊಡುವ ಸಂಕೇತಪದ್ಧತಿ, ಕನ್ನಡಕ್ಕೆ 128 ಸ್ಥಾನಗಳ ಸ್ವಂತ ಖಂಡವನ್ನು ಕೊಟ್ಟಿದ್ದರೂ, ವಿಂಡೋಸಿನಲ್ಲಿ ಅದು ಕಾಣಿಸಿಕೊಳ್ಳಲು 2001ರ ಎಕ್ಸ್‌ಪಿ ಬರಬೇಕಾಯಿತು. ಅದರೊಂದಿಗೆ ಬಂದ ಕನ್ನಡ ಫಾಂಟಿಗೆ ತುಂಗಾ ಎಂದು ಹೆಸರಿಟ್ಟದ್ದನ್ನು ನದಿಯ ದಡದವರು ಗಮನಿಸಿದರೋ ಇಲ್ಲವೋ, ಅಂಗಡಿಗಳ ಅಭ್ಯಾಸವಂತೂ ಬದಲಾಗಲಿಲ್ಲ.

ಇಲ್ಲಿ ಸ್ವಾತಂತ್ರ್ಯದ ಪ್ರಶ್ನೆ ಏಳುತ್ತದೆ. 1983ರಲ್ಲಿ ಗ್ನೂ ಯೋಜನೆಯನ್ನು ಸಾರಿದ ರಿಚರ್ಡ್ ಸ್ಟಾಲ್ಮನ್ ತಂತ್ರಾಂಶದ ಒಳಗನ್ನು ನೋಡುವ, ತಿದ್ದುವ, ಹಂಚುವ ಹಕ್ಕನ್ನು ನೀತಿಯ ವಿಷಯವೆಂದು ಎತ್ತಿಹಿಡಿದ. ಲಿನಕ್ಸಿಗೆ ಆ ಗುಣವಿದೆ, ಕನ್ನಡ ಬರೆಯಲು ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸವೂ ಅದರಲ್ಲಿ ಸಿಗುತ್ತದೆ. ಆದರೆ ಮಧ್ವಾಚಾರ್ಯರ ಮತದಂತೆ ಸ್ವತಂತ್ರನು ಭಗವಂತನೊಬ್ಬನೇ, ಉಳಿದುದೆಲ್ಲ ಪರತಂತ್ರ. ಲಿನಕ್ಸಿಗೆ ಹೋದ ಡಿಟಿಪಿಯವನೂ ಪ್ರಿಂಟರಿನ ಡ್ರೈವರ್ ಸಿಗದೆ ಇನ್ನೊಬ್ಬರ ಬಾಗಿಲಲ್ಲಿ ನಿಲ್ಲುವುದುಂಟು. ಅವಲಂಬನೆ ತಪ್ಪಲ್ಲ, ಬಿಡಿಸಿಕೊಳ್ಳಲಾಗದ ಅವಲಂಬನೆ ತಪ್ಪು. ವಿಂಡೋಸ್ 10ಕ್ಕೆ ತಯಾರಕರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು, ವಿಂಡೋಸ್ 11 ಟಿಪಿಎಂ 2.0 ಎಂಬ ಭದ್ರತಾ ಘಟಕವಿಲ್ಲದ ಯಂತ್ರಗಳನ್ನು ಅಧಿಕೃತವಾಗಿ ಒಪ್ಪುವುದಿಲ್ಲ. ಹೀಗೆ ಕೆಡದ ಯಂತ್ರವೂ ಅನರ್ಹವಾಗುವ ಕಾಲದಲ್ಲಿ, ಕಡತಗಳು ಬೇರೆ ಯಂತ್ರದಲ್ಲಿಯೂ ಓದಲು ಬರುವಂತಿದ್ದವನು ಮಾತ್ರ ವಿಂಡೋಸನ್ನೇ ಮತ್ತೆ ಆರಿಸಿದರೂ ಆರಿಸಿದಂತೆ, ಅವನದು ಮಾತ್ರ ನಿಷ್ಠೆ.

ಹಳೆಯ ನುಡಿ ಕಡತಗಳನ್ನು ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿಯೇ ದೊರೆಯುತ್ತವೆ. ಅರ್ಕಾವೊತ್ತಿನಂಥ ಕಡೆ ತಪ್ಪು ಉಳಿಯುವುದರಿಂದ ಬಲ್ಲವರು ಕೂತು ತಿದ್ದಬೇಕಾಗುತ್ತದೆ. ಈ ಸೀಮೆಯ ಮಠಗಳು, ಪಂಚಾಯಿತಿಗಳು, ಶಾಲೆಗಳು ಯಾವ ವ್ಯವಸ್ಥೆಯನ್ನಾದರೂ ಇಟ್ಟುಕೊಳ್ಳಲಿ, ಆ ತಿದ್ದುವ ಕೆಲಸವನ್ನು ಹಳೆಯ ಯಂತ್ರಗಳು ಇನ್ನೂ ನಡೆಯುತ್ತಿರುವಾಗಲೇ ಮಾಡಿಸಲಿ.