ನೋವಿನ ಮಾತ್ರೆ ಮತ್ತು ನೆರೆಯವರ ಹಕ್ಕು

ನೆರೆಮನೆಯ ಖಾಲಾರಿಗೆ ಮಂಡಿನೋವು. ವೈದ್ಯರು ನಿಮಗೆಂದು ಬರೆದುಕೊಟ್ಟ ಡೈಕ್ಲೋಫೆನಾಕ್ ಮಾತ್ರೆಗಳು ನಾಲ್ಕು ಮನೆಯ ಡಬ್ಬಿಯಲ್ಲಿ ಉಳಿದಿವೆ. "ಇದನ್ನು ತೆಗೆದುಕೊಳ್ಳಿ ಖಾಲಾ, ನನಗೆ ಎರಡೇ ದಿನದಲ್ಲಿ ವಾಸಿಯಾಯಿತು" ಎಂದು ಕೊಟ್ಟುಬಿಡುತ್ತೀರಿ. ವಿಜಯನಗರದ ವಠಾರವಾಗಲಿ, ಕೆಂಗೇರಿಯ ಬಡಾವಣೆಯಾಗಲಿ, ಎಲ್ಲೆಡೆ ಕಾಣುವ ಸಂಗತಿಯಿದು. ಕೊಡುವವರ ಮನಸ್ಸಿನಲ್ಲಿ ಇರುವುದು ಕರುಣೆಯೇ ಹೊರತು ಬೇರೇನೂ ಅಲ್ಲ. ಆದರೆ ಉದ್ದೇಶ ಒಳ್ಳೆಯದಾಗಿದ್ದ ಮಾತ್ರಕ್ಕೆ ಕೆಲಸವೂ ಒಳ್ಳೆಯದಾಗುತ್ತದೆಯೇ?

ನಿಯ್ಯತ್ತಿಗೆ ಇಸ್ಲಾಮ್ ಕೊಟ್ಟಿರುವ ಸ್ಥಾನ ಎಷ್ಟು ದೊಡ್ಡದೆಂದು ನೀವು ಬಲ್ಲಿರಿ. ಆದರೆ ಅದೇ ಇಸ್ಲಾಮ್ ಇನ್ನೊಂದು ಮಾತನ್ನೂ ಕಲಿಸಿದೆ. ವೈದ್ಯ ತಿಳಿಯದವನು ಚಿಕಿತ್ಸೆಗೆ ಕೈಹಾಕಿ ಹಾನಿಯಾದರೆ ಆತನೇ ಹೊಣೆಗಾರನೆಂಬುದು ಪ್ರವಾದಿ(ಸ)ರ ಶಿಕ್ಷಣ. 'ಒಳ್ಳೆಯದಕ್ಕೇ ಮಾಡಿದೆ' ಎಂಬ ಸಮಜಾಯಿಷಿ ಅಲ್ಲಿ ಹೊಣೆಯನ್ನು ಇಳಿಸುವುದಿಲ್ಲ. ಅರಿವಿಲ್ಲದ ಕರುಣೆ ಅರ್ಧ ಕರುಣೆ ಮಾತ್ರ.

ಈ ಮಾತ್ರೆಗಳು ಮಾಡುವ ಕೆಲಸವನ್ನು ನೋಡಿ. ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್, ಐಬುಪ್ರೊಫೇನ್ ಮೊದಲಾದವು ಪ್ರೊಸ್ಟಾಗ್ಲಾಂಡಿನ್ ಎಂಬ ವಸ್ತು ಶರೀರದಲ್ಲಿ ಉತ್ಪತ್ತಿಯಾಗದಂತೆ ತಡೆಯುತ್ತವೆ. ಆಸ್ಪಿರಿನ್ ನೋವನ್ನು ಇಳಿಸುವುದೂ ಹೀಗೆಯೇ ಎಂದು ಜಾನ್ ವೇನ್ 1971ರಲ್ಲಿ ತೋರಿಸಿಕೊಟ್ಟರು. 1982ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿಯೂ ಬಂತು. ನೋವು ಮತ್ತು ಊತಕ್ಕೆ ಕಾರಣವಾಗುವ ಈ ವಸ್ತುವೇ ಹೊಟ್ಟೆಯ ಒಳಪದರವನ್ನು ಕಾಯುತ್ತದೆ, ಕಿಡ್ನಿಗೆ ರಕ್ತ ಹರಿಯಲು ನೆರವಾಗುತ್ತದೆ. ಹಾಗಾಗಿ ನೋವು ಇಳಿಸುವ ಮಾತ್ರೆಯೇ ಕೆಲವರ ಹೊಟ್ಟೆಯಲ್ಲಿ ಹುಣ್ಣು ಮತ್ತು ರಕ್ತಸ್ರಾವ ಉಂಟುಮಾಡಬಹುದು, ಕಿಡ್ನಿಯನ್ನು ಕೆಡಿಸಬಹುದು, ರಕ್ತದೊತ್ತಡ ಏರಿಸಬಹುದು, ಹೃದಯಾಘಾತದ ಸಾಧ್ಯತೆಯನ್ನು ಹೆಚ್ಚಿಸಬಹುದು. ಜೊತೆಗೆ ಕೊಡುವ ಗ್ಯಾಸ್ಟ್ರಿಕ್ ಮಾತ್ರೆ ಹೊಟ್ಟೆಯನ್ನಷ್ಟೇ ಕಾಯುತ್ತದೆ, ಕಿಡ್ನಿಯನ್ನಲ್ಲ.

ನಿಮ್ಮನ್ನು ಪರೀಕ್ಷಿಸಿಯೇ ವೈದ್ಯರು ಆ ಚೀಟಿ ಬರೆದರು. ಖಾಲಾರಿಗೆ ಬಿ.ಪಿ. ಇದೆಯೇ, ಸಕ್ಕರೆ ಕಾಯಿಲೆಯಿಂದ ಕಿಡ್ನಿ ಸೊರಗಿದೆಯೇ, ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದಾರೆಯೇ ಎಂಬುದು ನಿಮಗೆ ಗೊತ್ತೇ? ಮಳೆಗಾಲದಲ್ಲಿ ಜ್ವರದೊಡನೆ ಮೈಕೈ ನೋವೆಂದು ಬಂದವರಿಗೆ ಡೆಂಗ್ಯೂ ಇದ್ದರೆ ಈ ಮಾತ್ರೆಯಿಂದ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಡೆಂಗ್ಯೂವನ್ನು ಸಾಂಕ್ರಾಮಿಕ ರೋಗವೆಂದು ಕರ್ನಾಟಕ ಸರಕಾರ 2024ರಲ್ಲಿ ಘೋಷಿಸಬೇಕಾಯಿತೆಂಬುದು ನೆನಪಿರಲಿ.

ಅರಿವಿಲ್ಲದ ಕರುಣೆ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಸಾಕ್ಷಿ ಬೇಕಿದ್ದರೆ ಕೆಂಗೇರಿ ದಾಟಿ ಮೈಸೂರು ರಸ್ತೆಯಲ್ಲಿ ರಾಮನಗರಕ್ಕೆ ಹೋಗಿ. ಅಲ್ಲಿನ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದುಗಳ ಧಾಮವೆಂದು ಘೋಷಿಸಲಾಯಿತು. ಈಗ ಆ ಬಂಡೆಗಳಲ್ಲಿ ಉಳಿದಿರುವುದು ಬೆರಳೆಣಿಕೆಯ ಹಕ್ಕಿಗಳು. ಭಾರತ ಉಪಖಂಡದಲ್ಲಿ ಲಕ್ಷಗಟ್ಟಲೆ ಇದ್ದ ರಣಹದ್ದುಗಳು ಏಕೆ ಅಳಿದವೆಂದು ಹುಡುಕಿದವರಿಗೆ 2004ರಲ್ಲಿ ಉತ್ತರ ಸಿಕ್ಕಿತು: ಇದೇ ಡೈಕ್ಲೋಫೆನಾಕ್. ನೋವುಂಡ ದನಕ್ಕೆ ರೈತರು ಕನಿಕರದಿಂದಲೇ ಈ ಔಷಧ ಕೊಡಿಸಿದ್ದರು. ಆ ದನ ಸತ್ತಾಗ ಅದರ ಮಾಂಸ ತಿಂದ ಹದ್ದುಗಳ ಕಿಡ್ನಿ ಕೆಟ್ಟು ಅವು ಸತ್ತವು. ಜಾನುವಾರುಗಳಿಗೆ ಈ ಔಷಧ ಬಳಸುವುದನ್ನು ಭಾರತ ಸರಕಾರ 2006ರಲ್ಲಿ ನಿಷೇಧಿಸಿತು. ಮನುಷ್ಯರಿಗೆಂದು ಬರುತ್ತಿದ್ದ ದೊಡ್ಡ ಸೀಸೆಗಳನ್ನು ದನಗಳಿಗೆ ಬಳಸುವುದು ನಿಲ್ಲಲಿಲ್ಲವಾದ್ದರಿಂದ 2015ರಲ್ಲಿ ಅವುಗಳ ಅಳತೆಯನ್ನೂ 3 ಮಿ.ಲೀ.ಗೆ ಇಳಿಸಲಾಯಿತು. ಅಲ್ಲಿ ಯಾರ ಉದ್ದೇಶವೂ ಕೆಟ್ಟದಾಗಿರಲಿಲ್ಲ.

"ವೈದ್ಯರ ಬಳಿ ಹೋದರೆ ಒಂದು ದಿನದ ಕೂಲಿ ಹೋಗುತ್ತದೆ, ಬಡವರು ಏನು ಮಾಡಬೇಕು?" ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ನೆರೆಯವರ ಹಕ್ಕು ಆರಂಭವಾಗುವುದೇ ಇಲ್ಲಿ. ಖಾಲಾರ ಜೊತೆ ನೀವೇ ಆಸ್ಪತ್ರೆಗೆ ಹೋಗಿ, ಸಾಧ್ಯವಿದ್ದರೆ ಶುಲ್ಕ ಕೊಡಿ. ಅವರ ಮಗ ಇ.ಎಸ್.ಐ. ಕಾರ್ಡುಳ್ಳ ಕಾರ್ಮಿಕನಾಗಿದ್ದರೆ, ಅವನನ್ನು ಅವಲಂಬಿಸಿದ ತಾಯಿಗೂ ರಾಜಾಜಿನಗರದ ಇ.ಎಸ್.ಐ. ಆಸ್ಪತ್ರೆಯಲ್ಲಿ ಚಿಕಿತ್ಸೆ ಸಿಗುತ್ತದೆಯೇ ಎಂದು ವಿಚಾರಿಸಿ. ಮಾತ್ರೆ ಕೊಡುವುದು ಸುಲಭ, ಸಮಯ ಕೊಡುವುದು ಕಷ್ಟ. ಪುಣ್ಯವಿರುವುದು ಕಷ್ಟವಾದುದರಲ್ಲಿ.

ನಿಮ್ಮ ಶರೀರದ ವಿಷಯದಲ್ಲೂ ಇದೇ ನಿಯಮ. ಅದು ಅಲ್ಲಾಹನು ನಿಮಗೊಪ್ಪಿಸಿದ ಅಮಾನತ್. ವೈದ್ಯರು ಹೇಳಿದಷ್ಟೇ ಪ್ರಮಾಣ, ಹೇಳಿದಷ್ಟೇ ದಿನ. ಊಟವಾದ ಮೇಲೆ, ಸಾಕಷ್ಟು ನೀರಿನೊಡನೆ. ಬೇರೆ ಬೇರೆ ಹೆಸರಿನ ಎರಡು ನೋವಿನ ಮಾತ್ರೆಗಳನ್ನು ಒಟ್ಟಿಗೆ ನುಂಗಬೇಡಿ. ಒಳಗಿರುವ ಔಷಧ ಒಂದೇ ಇರಬಹುದು. ಗರ್ಭಿಣಿಯರು ವೈದ್ಯರನ್ನು ಕೇಳದೆ ಮುಟ್ಟಲೇಬಾರದು. ಮಲ ಕಪ್ಪಾದರೆ, ಮೂತ್ರ ಕಡಿಮೆಯಾದರೆ, ಮುಖ ಕಾಲು ಊದಿಕೊಂಡರೆ ಮಾತ್ರೆ ನಿಲ್ಲಿಸಿ ಕೂಡಲೇ ವೈದ್ಯರಿಗೆ ತೋರಿಸಿ. ಎದೆನೋವು, ಉಸಿರಾಟದ ತೊಂದರೆ ಅಥವಾ ರಕ್ತವಾಂತಿ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ರಮಝಾನಿನಲ್ಲಿ ನೀರಡಿಕೆಯ ಶರೀರಕ್ಕೆ ಈ ಮಾತ್ರೆ ಹೆಚ್ಚು ಭಾರ. ಇಫ್ತಾರ್, ಸಹರಿಯ ಸಮಯಕ್ಕೆ ಹೊಂದಿಸಬಹುದೇ, ಬೇರೆ ಮಾತ್ರೆ ಸಾಕೇ ಎಂದು ಮೊದಲೇ ಕೇಳಿಕೊಳ್ಳಿ. ರೋಗಿಗೆ ಉಪವಾಸದಲ್ಲಿ ರಿಯಾಯಿತಿ ಇದೆ. ಅದನ್ನು ಬಳಸಿಕೊಳ್ಳುವುದು ವಿಶ್ವಾಸದ ದೌರ್ಬಲ್ಯವಲ್ಲ.

ಉಳಿದ ಆ ನಾಲ್ಕು ಮಾತ್ರೆಗಳನ್ನು ಇಂದೇ ಡಬ್ಬಿಯಿಂದ ತೆಗೆದುಬಿಡಿ. ನಾಳೆ ಖಾಲಾ ಬಾಗಿಲು ತಟ್ಟಿದಾಗ ಮಾತ್ರೆಯ ಬದಲು ಚಪ್ಪಲಿ ಹಾಕಿಕೊಂಡು ಅವರ ಜೊತೆ ಹೊರಡಿ.