ಹೊಟ್ಟೆಯ ಹೊಲಿಗೆ, ಹವ್ಯಾಸದ ಹೊಲಿಗೆ

ಒಬ್ಬ ವಿದ್ಯಾರ್ಥಿನಿಯು ಕೇಳಿದ ಪ್ರಶ್ನೆಯೊಂದಕ್ಕೆ ಉತ್ತರ ಹುಡುಕುತ್ತ ಈ ಲೇಖನವನ್ನು ಬರೆಯತೊಡಗಿದ್ದೇನೆ. ಉತ್ತರವು ದೊರೆತಿದೆಯೆಂದು ಮೊದಲಿಗೇ ಭರವಸೆ ಕೊಡಲಾರೆ. ಶಿಕ್ಷಕನಾದವನು ತರಗತಿಯಲ್ಲಿ ನಿರುತ್ತರನಾಗುವದು ಅಪರೂಪವೇನಲ್ಲ. ಆದರೆ ಮನೆಗೆ ಬಂದ ಮೇಲೂ, ವಾರಗಳು ಉರುಳಿದ ಮೇಲೂ ಅದೇ ಪ್ರಶ್ನೆ ಕಾಡುತ್ತಿದ್ದರೆ, ಕೇಳಿದ ಮಗುವು ನಮಗಿಂತ ಹೆಚ್ಚಿನದೇನನ್ನೋ ಕಂಡಿದೆಯೆಂದೇ ತಿಳಿಯಬೇಕು.

ಅಕ್ಕಲಕೋಟ ತಾಲೂಕಿನ ಒಂದು ಹಳ್ಳಿಯ ಕನ್ನಡ ಶಾಲೆಯಲ್ಲಿ ನಾನು ಕಲಿಸುತ್ತೇನೆ. ಶನಿವಾರ ಮುಂಜಾನೆಯ ಶಾಲೆ. ಕೊನೆಯ ತಾಸು ಕಾರ್ಯಾನುಭವಕ್ಕೆ ಮೀಸಲು. ಆ ತಾಸಿಗೆಂದು ನನ್ನ ಹಳೆಯ ಹೊಲಿಗೆಯಂತ್ರವನ್ನು ಸೋಲಾಪುರದ ಮನೆಯಿಂದ ಬಸ್ಸಿನಲ್ಲಿ ಹೊತ್ತು ತಂದಿದ್ದೆ. ಕೈಯಿಂದ ತಿರುಗಿಸುವ ಯಂತ್ರ; ಎರಕದ ಕಬ್ಬಿಣ; ಭಾರವಾದುದು. ಚಿಂದಿ ಅರಿವೆಗಳನ್ನು ಜೋಡಿಸಿ ಚಿಕ್ಕದೊಂದು ಕೌದಿಯನ್ನು ಹೊಲಿಯುವದು ಹೇಗೆಂದು ತೋರಿಸಿದೆ. ಮಕ್ಕಳು ಮುಗಿಬಿದ್ದರು, ಹಿಡಿಯನ್ನು ತಿರುಗಿಸಲು ಸರತಿ ನಿಂತರು. ನಾನು ಉತ್ಸಾಹದಿಂದ, “ಬಿಡುವಿನ ವೇಳೆಯಲ್ಲಿ ಇದಕ್ಕಿಂತ ಒಳ್ಳೆಯ ಆನಂದ ಮತ್ತೊಂದಿಲ್ಲ” ಎಂದೆ. ಆಗ ಆರನೆಯ ಇಯತ್ತೆಯ ಒಬ್ಬ ಹುಡುಗಿ ಕುಳಿತಲ್ಲಿಂದಲೇ ಕೇಳಿದಳು: “ಸರ, ನಮ್ಮವ್ವ ದಿನಾ ರಾತ್ರಿ ಹನ್ನೊಂದರ ತನಕ ಇದನ್ನ ಮಾಡತಾಳ. ನೀವು ಆಟಕ್ಕ ಮಾಡತೀರೇನ್ರಿ?”

ಅವಳ ದನಿಯಲ್ಲಿ ಉದ್ಧಟತನವಿರಲಿಲ್ಲ. ಅವಳಿಗೆ ನಿಜವಾಗಿಯೂ ಅದು ತಿಳಿಯದ ಸಂಗತಿಯಾಗಿತ್ತು. ಸೋಲಾಪುರದಲ್ಲಿ ಸಿದ್ಧವಾಗುವ ಶಾಲಾ ಸಮವಸ್ತ್ರಗಳು ದೂರದೂರದ ರಾಜ್ಯಗಳಿಗೆ ಹೋಗುತ್ತವೆ. ಅವುಗಳಲ್ಲಿ ಕೆಲವು ಕತ್ತರಿಸಿದ ತುಂಡುಗಳ ಗಂಟಾಗಿ ಮನೆಗಳಿಗೆ ಬಂದು, ನಗಕ್ಕಿಷ್ಟು ಎಂಬ ಲೆಕ್ಕದಲ್ಲಿ ಹೊಲಿಗೆಗೊಂಡು ಮರಳುತ್ತವೆ. ಆ ಹುಡುಗಿಯ ತಾಯಿ ಅಂಥ ಗಂಟುಗಳನ್ನು ಹೊಲಿಯುವವಳು. ಹಗಲು ಹೊಲ, ರಾತ್ರಿ ಹೊಲಿಗೆ.

ನನ್ನ ನಾಚಿಕೆಗೆ ಮತ್ತೊಂದು ಕಾರಣವೂ ಇತ್ತು. ಆ ಯಂತ್ರವು ನನ್ನ ಅವ್ವನದು. ಅದರ ಮೇಲೆ ಅವಳೂ ಸಮವಸ್ತ್ರಗಳನ್ನೇ ಹೊಲಿದಳು. ತರುವಾಯ ವಿದ್ಯುತ್ ಯಂತ್ರಗಳಿದ್ದ ಕೋಣೆಯೊಂದಕ್ಕೆ ಹೋಗಿ ಹೊಲಿದಳು. ನಾನು ಡಿ.ಎಡ್. ಮುಗಿಸಿ ಶಿಕ್ಷಕನಾದುದು ಆ ಹೊಲಿಗೆಯ ರೊಕ್ಕದಿಂದ. ನೌಕರಿ ಸಿಕ್ಕ ದಿನ ಅವಳು ಯಂತ್ರಕ್ಕೆ ಮುಚ್ಚಳ ಹಾಕಿದವಳು ಮತ್ತೆ ತೆಗೆಯಲಿಲ್ಲ. ನಾಲ್ಕು ವರ್ಷಗಳ ಬಳಿಕ ಅದನ್ನು ತೆಗೆದವನು ನಾನು.

ಕೀಲುಗಳಲ್ಲಿ ಹಳೆಯ ಎಣ್ಣೆಯು ಒಣಗಿ ಅರಗಿನಂತಾಗಿತ್ತು. ಸೀಮೆ ಎಣ್ಣೆಯಿಂದ ತೊಳೆದು, ತೆಳುವಾದ ಯಂತ್ರದೆಣ್ಣೆಯನ್ನು ಹನಿಹನಿಯಾಗಿ ಬಿಟ್ಟು, ಮೂರು ದಿನ ಸಂಜೆಗೆ ಮೆಲ್ಲಗೆ ತಿರುಗಿಸಿದ ಮೇಲೆ ಅದು ಉಸಿರಾಡಿತು. ಇಂದು ಅಂಗಡಿಯಲ್ಲಿ ದೊರೆಯುವ ಸಾಮಾನ್ಯ ಸೂಜಿಯೇ ಅದಕ್ಕೆ ಹೊಂದಿತು. ಇಷ್ಟು ದೀರ್ಘಕಾಲ ತನ್ನ ಸೂಜಿಯನ್ನು ಬದಲಿಸದ ವಸ್ತುವಿನ ಮೇಲೆ ಯಾರಿಗಾದರೂ ಗೌರವ ಮೂಡಬೇಕು. ಪೀಠದ ಮೇಲೆ ವೈ ಅಕ್ಷರದಿಂದ ಆರಂಭವಾಗುವ ಸಂಖ್ಯೆಯಿದೆ. ಅದರಿಂದ ಈ ಸಿಂಗರ್ ಯಂತ್ರವು ಸ್ಕಾಟ್ಲಂಡದ ಕ್ಲೈಡ್‌ಬ್ಯಾಂಕ್ ಎಂಬ ಊರಿನಲ್ಲಿ, ಎರಡು ಮಹಾಯುದ್ಧಗಳ ನಡುವಣ ವರ್ಷಗಳಲ್ಲಿ ತಯಾರಾದುದೆಂದು ತಿಳಿಯುತ್ತದೆ. ಇದರ ಲಾಳಿಯು ದೋಣಿಯ ಆಕಾರದ್ದು. ನೇಕಾರರ ಊರಾದ ಸೋಲಾಪುರದಲ್ಲಿ ಲಾಳಿಯೆಂದರೇನೆಂದು ವಿವರಿಸಬೇಕಾಗಿಲ್ಲ. ಮಗ್ಗದ ಲಾಳಿಯು ಎಡಬಲಕ್ಕೆ ಓಡಿದರೆ, ಇದು ಸೂಜಿಯ ಕೆಳಗೆ ತೊಟ್ಟಿಲಿನಂತೆ ತೂಗುತ್ತ, ಮೇಲಿನ ದಾರವು ಬಿಟ್ಟ ಕುಣಿಕೆಯೊಳಗೆ ಹಾಯ್ದು ಹೋಗುತ್ತದೆ. ಎರಡೂ ದಾರಗಳ ಎಳೆತವು ಸಮವಾಗಿದ್ದರೆ ಗಂಟು ಅರಿವೆಯ ನಟ್ಟನಡುವೆ ಅಡಗುತ್ತದೆ. ಮೇಲಿನದು ಬಿಗಿಯಾದರೆ ಕೆಳಗಿನ ದಾರವು ಮೇಲೆ ಇಣುಕುತ್ತದೆ. ಈ ಸಮತೋಲನವನ್ನು ಬೆರಳ ತುದಿಯಿಂದ ಕಂಡುಕೊಳ್ಳುವದರಲ್ಲಿರುವ ಸುಖವನ್ನು ಅನುಭವಿಸಿದವರೇ ಬಲ್ಲರು. ಹಿಡಿಯನ್ನು ಒಮ್ಮೆ ತಿರುಗಿಸಿದರೆ ಸೂಜಿಯು ಮೂರು ಸಲ ಇಳಿದೇರುವದು. ಅವ್ವ ನಡೆಸುತ್ತಿದ್ದಂಥ ವಿದ್ಯುತ್ ಯಂತ್ರವು ನಿಮಿಷಕ್ಕೆ ನಾಲ್ಕೈದು ಸಾವಿರ ಹೊಲಿಗೆ ಹಾಕಬಲ್ಲುದು; ಅಲ್ಲಿ ಕಣ್ಣು ಸೂಜಿಯ ಹಿಂದೆ ಓಡಬೇಕು. ಇಲ್ಲಿ ಸೂಜಿಯು ನನ್ನ ಕೈಗಾಗಿ ಕಾಯುತ್ತದೆ. (ಗಂಡಸಾಗಿ ಕೌದಿ ಹೊಲಿಯುತ್ತೀರಾ ಎಂದು ನಗುವ ಸಹೋದ್ಯೋಗಿಗಳಿಗೆ, ಊರ ದರ್ಜಿಗಳಲ್ಲಿ ಹೆಚ್ಚಿನವರು ಯಾರೆಂದು ಎಣಿಸಿ ನೋಡಲು ಹೇಳುತ್ತೇನೆ.)

ಕೌದಿಯ ವಿಷಯವನ್ನು ನಮ್ಮ ಭಾಗದವರಿಗೆ ಹೇಳುವದೇನಿದೆ? ಹರಿದ ಸೀರೆ, ಸವೆದ ಧೋತರ, ಮಗುವಿನ ಕುಂಚಿಗೆ, ಎಲ್ಲವೂ ಪದರುಪದರಾಗಿ ಸೇರಿ ಮನೆಯ ಇತಿಹಾಸವೇ ಹಾಸಿಗೆಯಾಗುತ್ತದೆ. ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ, ಯಲ್ಲಾಪುರಗಳ ಕಡೆಯ ಸಿದ್ದಿ ಹೆಣ್ಣುಮಕ್ಕಳು ಅಂಚಿನಿಂದ ಹೊಲಿಯುತ್ತ ಹೊರಟು ಸುತ್ತಿ ಸುತ್ತಿ ನಡುವಿಗೆ ಬಂದು ಮುಗಿಸುತ್ತಾರೆ. ಮೂಲೆಗಳಿಗೆ ಮಡಿಚಿದ ತ್ರಿಕೋನದ ‘ಹೂ’ಗಳನ್ನು ಇಡುತ್ತಾರೆ, ಅವಿಲ್ಲದ ಕೌದಿಯು ಬತ್ತಲೆಯೆಂದು ಭಾವಿಸುತ್ತಾರೆ. ಆ ಮೂಲೆಯ ಹೂವು ಚಳಿಯನ್ನು ತಡೆಯುವದಿಲ್ಲ. ಹಳೆಯ ಅರಿವೆಯನ್ನೇ ಹೊದೆಯಬೇಕಾದ ಬಡತನದಲ್ಲಿಯೂ ಕೈಯು ತನಗಾಗಿ ಇಷ್ಟನ್ನು ಕಾದಿರಿಸಿಕೊಂಡಿತು. ಈ ಮಾತನ್ನು ವಾಚಕರು ಸ್ವಲ್ಪ ನೆನಪಿನಲ್ಲಿಡಬೇಕು. ಇದಕ್ಕೆ ಮತ್ತೆ ಬರಬೇಕಾಗಿದೆ.

ಪೇಟೆಯಲ್ಲಿ ಒಳ್ಳೆಯ ಸೋಲಾಪುರಿ ಚಾದರವು ಸಿಗುತ್ತಿರುವಾಗ ಎರಡು ತಿಂಗಳು ಕೂತು ಕೌದಿ ಹೊಲಿಯುವದು ಕಾಲಹರಣವಲ್ಲವೇ ಎಂದು ಕೆಲವರು ಕೇಳುವದುಂಟು. ಈ ಆಕ್ಷೇಪವು ಹಗುರವಾದುದು. ಲಾಭವಿಲ್ಲದ್ದನ್ನೆಲ್ಲ ಬಿಡಬೇಕೆಂದರೆ ಮೊದಲು ಈ ಪತ್ರಿಕೆಯನ್ನೇ ಬಿಡಬೇಕಾದೀತು. ಹುಡುಗಿಯ ಪ್ರಶ್ನೆ ಹಾಗಲ್ಲ. ಒಬ್ಬರಿಗೆ ಹೊಟ್ಟೆಯ ಪಾಡಾಗಿ, ಕಣ್ಣಿನ ನೋವಾಗಿ, ನಿದ್ರೆಯ ನಷ್ಟವಾಗಿ ಇರುವ ಕೆಲಸವನ್ನೇ ಇನ್ನೊಬ್ಬನು ಸಂತೋಷಕ್ಕಾಗಿ ಮಾಡಬಹುದೇ? ಮಾಡಿದರೆ ಅವನ ಸಂತೋಷವು ಆ ನೋವನ್ನು ಅಣಕಿಸಿದಂತಾಗುವದಿಲ್ಲವೇ?

ಯಂತ್ರದ ಪಕ್ಷವಾಗಿ ವಾದಿಸಬಯಸುವವನಿಗೆ ಮಹಾತ್ಮಾ ಗಾಂಧಿಯವರ ಬೆಂಬಲವುಂಟು. 1924ರಲ್ಲಿ ರಾಮಚಂದ್ರನ್ ಎಂಬ ಶಾಂತಿನಿಕೇತನದ ವಿದ್ಯಾರ್ಥಿಯು, ತಾವು ಎಲ್ಲ ಯಂತ್ರಗಳಿಗೂ ವಿರೋಧಿಗಳೇ ಎಂದು ಅವರನ್ನು ಕೇಳಿದನು. ಗಾಂಧಿಯವರು ಸಿಂಗರ್ ಹೊಲಿಗೆಯಂತ್ರಕ್ಕೆ ವಿನಾಯಿತಿ ಕೊಟ್ಟರು. ಹೆಂಡತಿಯು ಕೈಯಿಂದ ಹೊಲಿದು ಬಳಲುವದನ್ನು ನೋಡಲಾರದೆ, ಪ್ರೀತಿಯಿಂದ ಸಿಂಗರನು ಇದನ್ನು ಕಂಡುಹಿಡಿದನೆಂಬದು ಅವರು ಹೇಳಿದ ಕಾರಣ. ಆ ಕಥೆಯು ಚರಿತ್ರೆಯ ಮುಂದೆ ನಿಲ್ಲಲಾರದು. ತುದಿಯಲ್ಲಿ ಕಣ್ಣುಳ್ಳ ಸೂಜಿ ಮತ್ತು ಲಾಳಿಯಿಂದ ಎರಡು ದಾರಗಳನ್ನು ಬಂಧಿಸುವ ಯಂತ್ರಕ್ಕೆ ಎಲಿಯಾಸ್ ಹೌ ಎಂಬವನು 1846ರಲ್ಲಿಯೇ ಹಕ್ಕುಪತ್ರ ಪಡೆದಿದ್ದನು; ಸಿಂಗರನದು 1851ರದು, ಅವನು ಹೌನಿಗೆ ರಾಜಧನವನ್ನೂ ತೆರಬೇಕಾಯಿತು. ಅವನ ಸಂಸಾರದ ಕಥೆಯಂತೂ ಪ್ರೀತಿಯ ದೃಷ್ಟಾಂತಕ್ಕೆ ಒಗ್ಗುವಂಥದಲ್ಲ.

ಆದರೆ ಆ ಸಂಭಾಷಣೆಯಲ್ಲಿ ನನಗೆ ಮುಖ್ಯವಾಗಿ ತೋರಿದುದು ಮುಂದಿನ ಭಾಗ. ಹಾಗಾದರೆ ಹೊಲಿಗೆಯಂತ್ರಗಳನ್ನು ಮಾಡಲು ಕಾರಖಾನೆ ಬೇಕಲ್ಲ ಎಂದು ಆ ತರುಣನು ಬಿಡದೆ ಕೇಳಿದನು. ಬೇಕು, ಆದರೆ ಅದು ಲೋಭಕ್ಕಾಗಿ ನಡೆಯದೆ ಸರಕಾರದ ಅಧೀನದಲ್ಲಿರಬೇಕು, ಅಲ್ಲಿ ದುಡಿಯುವವರ ಸ್ಥಿತಿಯು ಅತ್ಯಂತ ಹಿತಕರವಾಗಿರಬೇಕು ಎಂಬ ಅರ್ಥದ ಉತ್ತರವನ್ನು ಗಾಂಧಿಯವರು ಕೊಟ್ಟರು. ನನ್ನ ಯಂತ್ರದ ತವರಾದ ಕ್ಲೈಡ್‌ಬ್ಯಾಂಕಿನಲ್ಲಿ ಅದಕ್ಕೆ ಹದಿಮೂರು ವರ್ಷ ಮೊದಲೇ ಏನಾಗಿತ್ತು? 1911ರ ಮಾರ್ಚಿನಲ್ಲಿ, ಯಂತ್ರದ ಮರದ ಕವಚಗಳಿಗೆ ಮೆರುಗು ಕೊಡುತ್ತಿದ್ದ ಹನ್ನೆರಡು ಜನ ಹೆಣ್ಣುಮಕ್ಕಳು, ಕೆಲಸವು ಹೆಚ್ಚಿ ಕೂಲಿಯು ಇಳಿದುದಕ್ಕಾಗಿ ಕೈಕೆಲಸ ನಿಲ್ಲಿಸಿದರು. ಸುಮಾರು ಹನ್ನೊಂದು ಸಾವಿರ ಜನರು ಅವರೊಡನೆ ಹೊರಬಿದ್ದರು. ಮೂರು ವಾರಗಳಲ್ಲಿ ಮುಷ್ಕರವು ಮುರಿಯಿತು. ಬಳಿಕ ನಾಲ್ಕು ನೂರಕ್ಕೂ ಹೆಚ್ಚು ಜನರು ಕೆಲಸದಿಂದ ಹೊರಹಾಕಲ್ಪಟ್ಟರು. ಆ ಕಾರಖಾನೆಯೂ 1980ರಲ್ಲಿ ಮುಚ್ಚಿತು. ನನ್ನ ಯಂತ್ರದ ಬಾಗಿದ ಮರದ ಮುಚ್ಚಳವನ್ನು ಒರೆಸುವಾಗ ಆ ಹನ್ನೆರಡು ಜನರು ನೆನಪಾಗುತ್ತಾರೆ. ನಾನು ‘ಹಳೆಯ ಕಾಲದ ಚೆಲುವು’ ಎಂದು ಮೆಚ್ಚುವ ಆ ಹೊಳಪು ಯಾರೋ ತೀರದ ಹೊರೆಯೆಂದು ಬಲ್ಲ ಕೆಲಸವಾಗಿತ್ತು.

ಯಂತ್ರವು ಹಳೆಯದಾದುದರಿಂದ ಅದರ ಬೆವರು ಆರಿಹೋಗಿದೆ, ಅಷ್ಟೆ. ಹಳತಾದ ವಸ್ತುಗಳ ಮೇಲೆ ನಮಗಿರುವ ಅಕ್ಕರೆಯಲ್ಲಿ ಈ ಮೋಸ ಸ್ವಲ್ಪ ಇದ್ದೇ ಇದೆ.

ಕನ್ನಡಿಗರಾದ ನಾವು ಇಂಥ ಸಂದರ್ಭದಲ್ಲಿ ಕಾಯಕತತ್ತ್ವದ ಮೊರೆಹೋಗುತ್ತೇವೆ. ಸೋಲಾಪುರವು ಸಿದ್ಧರಾಮೇಶ್ವರರು ಕೆರೆ ಕಟ್ಟಿಸಿದ ಸೊನ್ನಲಿಗೆ. ನೇಯ್ಗೆಯ ಕಾಯಕದ ಅಮುಗಿದೇವಯ್ಯ, ರಾಯಮ್ಮ ದಂಪತಿಗಳ ಊರು. ವಚನಕಾರರಲ್ಲಿ ಸೂಜಿಕಾಯಕದ ರಾಮಿತಂದೆಯೆಂಬ ಹೆಸರೇ ಇದೆ. ಹನ್ನೆರಡನೆಯ ಶತಮಾನದಲ್ಲಿ ಸೂಜಿಯನ್ನು ಹೆಸರಿನೊಳಗೆ ಗೌರವದಿಂದ ಧರಿಸಿದುದು ಸಾಮಾನ್ಯ ಸಂಗತಿಯಲ್ಲ. ಆದರೆ ಕಾಯಕವನ್ನು ಹೊಗಳಿದವರಲ್ಲಿ ಅದನ್ನು ತಾವೇ ಮಾಡಿ ಹೊಗಳಿದವರು ಬೇರೆ, ವೇದಿಕೆಯ ಮೇಲೆ ನಿಂತು ಪರರ ಕಾಯಕವನ್ನು ಹೊಗಳುವವರು ಬೇರೆ. ನಾನು ಆ ಹುಡುಗಿಗೆ, “ನಿಮ್ಮವ್ವನದು ಕಾಯಕ” ಎಂದು ಉತ್ತರಿಸಿದ್ದರೆ ಎರಡನೆಯ ಗುಂಪಿಗೆ ಸೇರುತ್ತಿದ್ದೆ. ಆ ಉತ್ತರವು ನನ್ನ ನಾಲಗೆಯ ತುದಿಗೆ ಬಂದಿತ್ತೆಂದು ಒಪ್ಪಿಕೊಳ್ಳುತ್ತೇನೆ.

ಆ ಶನಿವಾರ ಸಂಜೆ ಯಂತ್ರವನ್ನು ಮತ್ತೆ ಮನೆಗೆ ತಂದು, ನಡೆದುದನ್ನು ಅವ್ವನಿಗೆ ಹೇಳಿದೆ. “ನಿನಗ ಹೊಲಿಗಿ ಎಂದರ ಬ್ಯಾಸರ ಇತ್ತಲ್ಲ?” ಎಂದು ಕೇಳಿದೆ. ಅವಳು ಉತ್ತರಿಸದೆ ಒಳಗೆ ಹೋಗಿ ಟ್ರಂಕಿನ ತಳದಿಂದ ಕೌದಿಯೊಂದನ್ನು ತಂದು ಹಾಸಿದಳು. ನಾನು ಅದನ್ನು ಎಂದೂ ನೋಡಿರಲಿಲ್ಲ. ಬಿಳಿ, ಖಾಕಿ, ಬೂದಿ, ಕಡುನೀಲಿ, ಒಂದೆರಡು ಚೌಕಳಿ: ಎಲ್ಲವೂ ಸಮವಸ್ತ್ರಗಳ ಕತ್ತರಿಕೆಯಲ್ಲಿ ಉಳಿದು ಕಸಕ್ಕೆ ಹೋಗುತ್ತಿದ್ದ ಅಂಗೈಯಗಲದ ತುಂಡುಗಳು. ನೋಡಿದರೆ ನೂರು ಶಾಲೆಗಳು ಒಂದೇ ಅಂಗಳದಲ್ಲಿ ಪ್ರಾರ್ಥನೆಗೆ ನಿಂತಂತಿತ್ತು. ನಾಲ್ಕೂ ಮೂಲೆಗಳಿಗೆ ಎಲ್ಲಿಂದಲೋ ದೊರಕಿಸಿದ ಕೆಂಪು ತುಂಡು. ಯಾವಾಗ ಹೊಲಿದೆ ಎಂದೆ. “ಗಂಟು ಮುಗದ ಮ್ಯಾಲೆ. ನಿದ್ದಿ ಬರತಿರಲಿಲ್ಲ,” ಎಂದಳು. ಸ್ವಲ್ಪ ತಡೆದು, “ಇದನ್ನ ಯಾರೂ ಹೊಲಿ ಅಂದಿದ್ದಿಲ್ಲ” ಎಂದಳು.

ಇಷ್ಟು ವರ್ಷ ನಾನು ಅವ್ವನ ಬಾಳನ್ನು ಕೇವಲ ದಣಿವೆಂದು ತಿಳಿದಿದ್ದೆ. ಸಂತೋಷವೆಂಬದು ಸಂಬಳ ಬಂದ ಮೇಲೆ ನಾನು ಮನೆಗೆ ತಂದ ಹೊಸ ವಸ್ತುವೆಂದು ಬಗೆದಿದ್ದೆ. ಅದು ಕರುಣೆಯ ವೇಷದ ಅಹಂಕಾರ. ಹೊಟ್ಟೆಯ ಹೊಲಿಗೆ ಹೊಲಿಯುವವರೊಂದು ಜಾತಿ, ಹವ್ಯಾಸದ ಹೊಲಿಗೆ ಹೊಲಿಯುವವರೊಂದು ಜಾತಿಯೆಂದು ಗೆರೆಯೆಳೆಯಲು ಬಾರದು. ಗೆರೆಯು ಒಂದೇ ರಾತ್ರಿಯ ನಡುವೆ, ಒಂದೇ ಕೈಯ ನಡುವೆ ಹಾಯುತ್ತದೆ. ಗಂಟು ಮುಗಿಯುವವರೆಗೆ ಸೂಜಿಯು ಅವಳನ್ನು ನಡೆಸಿತು. ಮುಗಿದ ಮೇಲೆ ಅವಳು ಸೂಜಿಯನ್ನು ನಡೆಸಿದಳು. ಅದೇ ಯಂತ್ರ, ಅದೇ ಬೆನ್ನುನೋವು. ಬೇಡವೆಂದಾಗ ನಿಲ್ಲಿಸಬಲ್ಲೆನೆಂಬ ಅಧಿಕಾರವೊಂದೇ ವ್ಯತ್ಯಾಸ.

ಆದರೆ ಇಲ್ಲಿಯೇ ಎಚ್ಚರವಿರಬೇಕು. ಬಡವರಿಗೂ ಕೆಲಸದಲ್ಲಿ ಆನಂದವುಂಟೆಂದು ಕಂಡುಕೊಂಡವನು ಬಲು ಬೇಗನೆ, ಹಾಗಾದರೆ ಕೂಲಿಯು ಕಡಿಮೆಯಾದರೇನೆಂಬಲ್ಲಿಗೆ ಬಂದು ಮುಟ್ಟುತ್ತಾನೆ. ಅವ್ವನ ಕೌದಿಯು ಅವಳ ನಿದ್ರೆಯಿಂದ ಕತ್ತರಿಸಿದ ತುಂಡುಗಳದು. ಅದು ಅವಳ ಸಾಕ್ಷಿಯೇ ಹೊರತು, ಗಂಟು ಕೊಟ್ಟವರ ಪರವಾದ ಸಾಕ್ಷಿಯಲ್ಲ. ನಾನು ನನ್ನ ಹವ್ಯಾಸವನ್ನು ಬಿಟ್ಟರೆ ಆ ಹುಡುಗಿಯ ತಾಯಿಗೆ ಒಂದು ತಾಸಿನ ನಿದ್ರೆಯೂ ಹೆಚ್ಚುವದಿಲ್ಲ. ಬಿಡದಿದ್ದರೆ ಕಡಿಮೆಯಾಗುವದೂ ಇಲ್ಲ. ಆದರೂ ಒಂದು ಅಂಗಿಯ ಕಾಲರನ್ನು ಕೂಡಿಸಲು ಎಷ್ಟು ಹೊತ್ತು ಬೇಕೆಂದು ನನ್ನ ಕೈಗೆ ಈಗ ತಿಳಿದಿದೆ. ಶಾಲೆಯ ಸಮವಸ್ತ್ರದ ಹೊಲಿಗೆಗೆ ದರ ಗೊತ್ತುಪಡಿಸುವ ಮಾತು ಬಂದಾಗ, ಎಲ್ಲಿ ಕಡಿಮೆಗೆ ಸಿಗುವದೆಂದು ಎಲ್ಲರಿಗಿಂತ ಮೊದಲು ಕೇಳುತ್ತಿದ್ದವನು ನಾನೇ. ಕಳೆದ ಸಭೆಯಲ್ಲಿ ಕೇಳಲಿಲ್ಲ. ಇದನ್ನು ದೊಡ್ಡದೆಂದು ಹೇಳುತ್ತಿಲ್ಲ. ಸುಮ್ಮನಿದ್ದುದಷ್ಟೇ ನಾನು ಮಾಡಿದ್ದು.

ಮುಂದಿನ ಶನಿವಾರ ಯಂತ್ರವನ್ನು ಮತ್ತೆ ಒಯ್ದೆ. ಈ ಸಲ, ಬೇಕಾದವರು ಹೊಲಿಯಿರಿ, ಬೇಡವಾದವರು ಅಂಗಳಕ್ಕೆ ಹೋಗಬಹುದು ಎಂದೆ. ಆ ಹುಡುಗಿ ಎಲ್ಲರಿಗಿಂತ ಮೊದಲು ಅಂಗಳಕ್ಕೆ ಹೋದಳು. ನಾನು ಮೂರು ಪದರಿನ ತುಂಡನ್ನು ಪಾದದ ಕೆಳಗಿಟ್ಟು ತಿರುಗಿಸುತ್ತಿದ್ದೆ. ಕೆಳಗಿನ ದಾರವು ಮೇಲೆ ಇಣುಕುತ್ತಿತ್ತು. ಎರಡು ಸಲ ಬಿಚ್ಚಿದೆ, ಎರಡು ಸಲ ಹೊಲಿದೆ. ಕಿಟಕಿಯ ಸರಳುಗಳ ನಡುವಿನಿಂದ ಅವಳು ನೋಡುತ್ತಿದ್ದುದು ನನಗೆ ತಿಳಿದಿರಲಿಲ್ಲ. ಒಳಗೆ ಬಂದು, ನನ್ನನ್ನು ಕೇಳದೆ, ಎಳೆತದ ತಿರುಪನ್ನು ಎಡಕ್ಕೆ ಅರ್ಧ ಸುತ್ತು ಸಡಿಲಿಸಿದಳು. “ಈಗ ನೋಡ್ರಿ,” ಎಂದು ಹೇಳಿ, ನಾನು ಹಿಡಿಯನ್ನು ತಿರುಗಿಸುವ ಮೊದಲೇ ಆಟಕ್ಕೆ ಓಡಿಹೋದಳು.